ಹಿಮದಡಿಯ ನೀರಿಗೆ ಪಾಯಿಂಟ್ ಹಾಕುವವರು

ಕೆನಡಾದ ಉತ್ತರ ತುದಿಯಲ್ಲಿ ಡೆವನ್ ಎಂಬ ದ್ವೀಪವಿದೆ. ಅದರ ಪೂರ್ವ ಭಾಗವನ್ನು ಹಿಮದ ದೊಡ್ಡ ಗುಮ್ಮಟವೊಂದು ಮುಚ್ಚಿಕೊಂಡಿದೆ. 2018ರಲ್ಲಿ ಆನ್ಯಾ ರುಟಿಸ್‌ಹೌಸರ್ ಮತ್ತು ಜೊತೆಗಾರರು ವಿಮಾನದಿಂದ ಮಾಡಿದ ರೇಡಾರ್ ಸಮೀಕ್ಷೆಯನ್ನು ಇಟ್ಟುಕೊಂಡು, ಆ ಹಿಮದ ಕೆಳಗೆ 550ರಿಂದ 750 ಮೀಟರ್ ಆಳದಲ್ಲಿ ಎರಡು ಸರೋವರಗಳಿವೆ ಎಂದು ಪ್ರಕಟಿಸಿದರು. ಅಲ್ಲಿನ ತಳದ ಉಷ್ಣತೆ ಸೊನ್ನೆಗಿಂತ 10 ಡಿಗ್ರಿಗೂ ಕೆಳಗೆ. ಅಂಥ ಚಳಿಯಲ್ಲಿ ಸಿಹಿನೀರು ಹೆಪ್ಪುಗಟ್ಟದೆ ಉಳಿಯುವುದಿಲ್ಲ, ಆದ್ದರಿಂದ ಅದು ಕಡು ಉಪ್ಪುನೀರಿರಬೇಕು ಎಂದರು. 2024ರಲ್ಲಿ ಅದೇ ಜಾಗದ ಬಗ್ಗೆ ಇನ್ನೊಂದು ಪ್ರಬಂಧ ಬಂತು. ಅಲ್ಲಿ ನೀರಿಲ್ಲ ಅಂತ. ಅದರ ಮೊದಲ ಲೇಖಕಿ ಶಿವಾನ್ ಕಿಲ್ಲಿಂಗ್‌ಬೆಕ್. ಎರಡನೆಯ ಹೆಸರು ಆನ್ಯಾ ರುಟಿಸ್‌ಹೌಸರ್ ಅವರದೇ.

ಆ ಎರಡನೆಯ ಹೆಸರಿನ ಮೇಲೆ ನನ್ನ ಕಣ್ಣು ನಿಂತಿತು. ನಾನು ಗೌರಿಬಿದನೂರು ಸುತ್ತಮುತ್ತ ಬೋರ್‌ವೆಲ್‌ಗೆ ಪಾಯಿಂಟ್ ಹಾಕಿಕೊಡುವವಳು. ಓದಿದ್ದು ಭೂವಿಜ್ಞಾನ. ನಾಲ್ಕು ಕಬ್ಬಿಣದ ಗೂಟ, ವೈರಿನ ಸುರುಳಿಗಳು, ಬ್ಯಾಟರಿ, ಒಂದು ಮೀಟರ್ ಇಟ್ಟುಕೊಂಡು ಹೊಲ ಹೊಲ ತಿರುಗುತ್ತೇನೆ. ನಮ್ಮ ಕಡೆ ಬೋರು ಸಾವಿರ ಅಡಿ ದಾಟುವುದು ಈಗ ಸಾಮಾನ್ಯ. ಅಡಿಗಿಷ್ಟು ಅಂತ ದುಡ್ಡು, ಕೇಸಿಂಗ್ ಪೈಪಿಗೆ ಬೇರೆ. ಲಾರಿ ಬಂದು ರಾತ್ರಿಯೆಲ್ಲ ಕೊರೆದು, ಬೆಳಗಾಗುವ ಹೊತ್ತಿಗೆ ಬರೀ ಧೂಳು ಎದ್ದರೆ ಆ ಮನೆಯ ಒಂದು ಮದುವೆಯೋ ಒಂದು ಎಕರೆಯೋ ಹೋಯಿತು ಅಂತಲೇ ಅರ್ಥ. ಪಾಯಿಂಟ್ ತೋರಿಸಿದವರು ಮತ್ತೆ ಆ ಹೊಲಕ್ಕೆ ಹೋಗಿ, ಯಾಕೆ ನೀರು ಬರಲಿಲ್ಲ ಎಂದು ಮೀಟರ್ ಇಟ್ಟು ನೋಡಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ. ರೈತನಿಗೂ ಆಗ ಅದು ಬೇಕಿರುವುದಿಲ್ಲ, ಅವನ ತಲೆಬಿಸಿ ಬೇರೆ. ಆದರೆ ಧ್ರುವದ ಹಿಮದ ಮೇಲೆ ಒಂದು ತಂಡ, ತನ್ನದೇ ಪಾಯಿಂಟಿನ ಮೇಲೆ ಬೇರೆ ಉಪಕರಣ ಹೊತ್ತು ವಾಪಸು ಹೋಯಿತು. ಈ ಬರಹಕ್ಕೆ ಕಾರಣ ಅದೇ.

ಮೊದಲು ರೇಡಾರ್ ಹಿಮದೊಳಗೆ ಹೇಗೆ ಹೋಗುತ್ತದೆ ಎಂದು ಹೇಳಿಬಿಡುತ್ತೇನೆ. ಚೆನ್ನಾಗಿ ಹೆಪ್ಪುಗಟ್ಟಿದ ತಣ್ಣನೆಯ ಹಿಮ ರೇಡಿಯೊ ತರಂಗಗಳಿಗೆ ಹೆಚ್ಚುಕಮ್ಮಿ ಗಾಜು. 1950ರ ದಶಕದಲ್ಲಿ ಹಿಮದ ಮೇಲೆ ಹಾರುವ ವಿಮಾನಗಳ ರೇಡಿಯೊ ಎತ್ತರಮಾಪಕಗಳು ತಪ್ಪು ಲೆಕ್ಕ ಕೊಡುತ್ತಿದ್ದವು, ಪೈಲಟ್‌ಗಳಿಗೆ ಅದು ಜೀವಕ್ಕೇ ಅಪಾಯ. ತರಂಗ ಹಿಮದ ಮೇಲ್ಮೈಯಿಂದಷ್ಟೇ ಅಲ್ಲ, ಒಳಗೆ ಇಳಿದು ತಳದಿಂದಲೂ ವಾಪಸಾಗುತ್ತಿದೆ ಎಂದು ಅಮೆರಿಕದ ಸೇನೆಯ ಎಂಜಿನಿಯರ್ ಅಮೋರಿ ವೇಟ್ ತೋರಿಸಿದರು. ಅದನ್ನೇ ಅಳತೆಯ ಸಾಧನ ಮಾಡಿಕೊಂಡವರು ಕೇಂಬ್ರಿಜ್‌ನ ಸ್ಕಾಟ್ ಧ್ರುವ ಸಂಶೋಧನಾ ಸಂಸ್ಥೆಯ ಸ್ಟ್ಯಾನ್ ಇವಾನ್ಸ್. 1960ರ ದಶಕದಲ್ಲಿ ಅವರು ಕಟ್ಟಿದ ಉಪಕರಣ ಕೆಲಸ ಮಾಡುತ್ತಿದ್ದುದು 35 ಮೆಗಾಹರ್ಟ್ಸ್‌ನಲ್ಲಿ.

ಈ 35 ಓದಿದಾಗ ನನಗೆ ಮೈ ಜುಮ್ಮೆಂದಿತು. ನಮ್ಮ ಗೌರಿಬಿದನೂರಿನ ಹತ್ತಿರ ರೇಡಿಯೊ ದೂರದರ್ಶಕದ ಬಯಲಿದೆ. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ 1970ರ ದಶಕದಲ್ಲಿ ಕಟ್ಟಿದ್ದು. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ 1000 ಡೈಪೋಲ್ ಆಂಟೆನಾಗಳು, ಪೂರ್ವ ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್ ಉದ್ದ. ಅದು ಆಕಾಶವನ್ನು ಕೇಳಿಸಿಕೊಂಡದ್ದು 34.5 ಮೆಗಾಹರ್ಟ್ಸ್‌ನಲ್ಲಿ. ಒಂದೇ ಜಾತಿಯ ತರಂಗ, ಉದ್ದ ಎಂಟೂವರೆ ಮೀಟರ್ ಚಿಲ್ಲರೆ. ಇಲ್ಲಿ ಅದನ್ನು ನಕ್ಷತ್ರಲೋಕದಿಂದ ಬರಮಾಡಿಕೊಂಡರು, ಅಲ್ಲಿ ವಿಮಾನದ ರೆಕ್ಕೆಯಡಿಯಿಂದ ಹಿಮದೊಳಕ್ಕೆ ಕಳಿಸಿದರು.

ಹಿಮದೊಳಗೆ ರೇಡಿಯೊ ತರಂಗ ಒಂದು ಮೈಕ್ರೊಸೆಕೆಂಡಿಗೆ ಸುಮಾರು 168 ಮೀಟರ್ ಹೋಗುತ್ತದೆ, ಗಾಳಿಯಲ್ಲಾದರೆ 300. ಆದ್ದರಿಂದ 4 ಕಿಲೋಮೀಟರ್ ದಪ್ಪದ ಹಿಮವಿದ್ದರೆ ಹೋಗಿ ಬರಲು 48 ಮೈಕ್ರೊಸೆಕೆಂಡ್. ಆ ಹೊತ್ತು ಅಳೆದರೆ ದಪ್ಪ ಗೊತ್ತಾಯಿತು. ಎಷ್ಟು ಜೋರಾಗಿ ವಾಪಸಾಯಿತು ಎಂಬುದು ತಳದಲ್ಲಿ ಏನಿದೆ ಅನ್ನುವುದರ ಮೇಲೆ ನಿಂತಿದೆ. ಡೈಎಲೆಕ್ಟ್ರಿಕ್ ಸ್ಥಿರಾಂಕ ಎಂಬ ವಿದ್ಯುತ್ ಗುಣದ ಅಂಕಿಯಲ್ಲಿ ಹಿಮಕ್ಕೂ ಬಂಡೆಗೂ ಅಂಥ ದೊಡ್ಡ ಅಂತರವಿಲ್ಲ. ಹಿಮಕ್ಕೆ 3 ಚಿಲ್ಲರೆ, ಬಂಡೆಗೆ 6ರ ಆಸುಪಾಸು. ನೀರಿಗೆ 80ಕ್ಕೂ ಮೇಲೆ. ಹಿಮ ಹೋಗಿ ಬಂಡೆ ಬರುವ ಗಡಿಯಲ್ಲಿ ನೂರರಲ್ಲಿ ಎರಡು ಮೂರು ಪಾಲು ಶಕ್ತಿ ವಾಪಸಾದರೆ, ಹಿಮ ಹೋಗಿ ನೀರು ಬರುವ ಗಡಿಯಲ್ಲಿ ಹತ್ತಿರ ಹತ್ತಿರ 45 ಪಾಲು. ಪರದೆಯ ಮೇಲೆ ಅದು ಬೆಳ್ಳಗೆ ಹೊಳೆಯುತ್ತದೆ.

1967ರ ಕೊನೆಯಲ್ಲಿ ಶುರುವಾದ ಹಾರಾಟಗಳಲ್ಲಿ, ಪೂರ್ವ ಅಂಟಾರ್ಕ್ಟಿಕಾದ ಸೋವಿಯತ್‌ಸ್ಕಾಯಾ ಎಂಬ ನಿಲ್ದಾಣದ ಹತ್ತಿರ ಅದೇ ಕೇಂಬ್ರಿಜ್ ಸಂಸ್ಥೆಯ ಗಾರ್ಡನ್ ರಾಬಿನ್ ಮತ್ತವರ ಜೊತೆಯವರಿಗೆ ಇಂಥದೊಂದು ಹೊಳಪು ಸಿಕ್ಕಿತು. 1973ರಲ್ಲಿ ಓಸ್ವಾಲ್ಡ್ ಮತ್ತು ರಾಬಿನ್ ಅಂಥ 17 ಸರೋವರಗಳನ್ನು ಪಟ್ಟಿ ಮಾಡಿದರು. 2022ರಲ್ಲಿ ಪ್ರಕಟವಾದ ಜಾಗತಿಕ ಪಟ್ಟಿಯಲ್ಲಿ 773 ಇವೆ, ಅದರಲ್ಲಿ 675 ಅಂಟಾರ್ಕ್ಟಿಕಾದವು.

ಹೊಳೆದ ಕೂಡಲೇ ಸರೋವರ ಅಂದುಬಿಟ್ಟಿದ್ದರೆ ಪಟ್ಟಿ ಇನ್ನೂ ಉದ್ದವಾಗಿರುತ್ತಿತ್ತು. ಆ ಕಾಲದ ಮಂದಿ ಹಾಗೆ ಮಾಡಲಿಲ್ಲ, ಅದು ನನಗೆ ತುಂಬಾ ಹಿಡಿಸಿದ ಸಂಗತಿ. ಹೊಳಪು ಸುತ್ತಲಿನ ತಳಕ್ಕಿಂತ 10ರಿಂದ 20 ಡೆಸಿಬೆಲ್, ಅಂದರೆ ಹತ್ತರಿಂದ ನೂರು ಪಟ್ಟು, ಹೆಚ್ಚಿರಬೇಕು. ಹಾರಿದ ಉದ್ದಕ್ಕೂ ಅದು ಒಂದೇ ಸಮನಾಗಿರಬೇಕು, ಏಕೆಂದರೆ ಬಂಡೆಯ ತಳ ಒರಟು, ಪ್ರತಿಧ್ವನಿ ಮಿನುಗಿ ಮಿನುಗಿ ಬರುತ್ತದೆ, ನೀರಿನ ಮೈ ನಯ. ಮೂರನೆಯದು ಎಲ್ಲಕ್ಕಿಂತ ಚೆಂದ. ತೆರೆದ ಕೆರೆಯ ನೀರು ಸಮತಟ್ಟಾಗಿ ನಿಲ್ಲುತ್ತದೆ. ಹಿಮದಡಿಯ ನೀರು ಹಾಗಲ್ಲ, ಅದರ ಮೇಲೆ ಹಿಮದ ಭಾರ ಇದೆ. ಹಿಮ ದಪ್ಪ ಇರುವ ಕಡೆ ಭಾರ ಹೆಚ್ಚು, ತೆಳ್ಳಗಿರುವ ಕಡೆ ಕಡಿಮೆ, ನೀರು ಆ ಒತ್ತಡಕ್ಕೆ ಸರಿಯಾಗಿ ಹೊಂದಿಕೊಳ್ಳುತ್ತದೆ. ಹಿಮಕ್ಕೂ ನೀರಿಗೂ ಸಾಂದ್ರತೆಯ ವ್ಯತ್ಯಾಸ ಸಣ್ಣದು. ಹಾಗಾಗಿ ಮೇಲೆ ಹಿಮದ ಮೈ 1 ಮೀಟರ್ ಇಳಿಜಾರಾದರೆ, ಕೆಳಗೆ ಸರೋವರದ ನೆತ್ತಿ ಅದರ ತದ್ವಿರುದ್ಧ ದಿಕ್ಕಿಗೆ ಸುಮಾರು 11 ಮೀಟರ್ ಓರೆಯಾಗಿರಬೇಕು. ಹೊಳಪಿನ ಓರೆ ಈ ಲೆಕ್ಕಕ್ಕೆ ಹೊಂದದಿದ್ದರೆ ಅದು ನಿಂತ ನೀರಲ್ಲ. ಹೊಳಪು ಎಷ್ಟಿದ್ದರೂ ಸರಿ.

ನಗರಗೆರೆ ಕಡೆ ಮುಸುಕಿನ ಜೋಳದ ಹೊಲವೊಂದರಲ್ಲಿ ವೈರು ಸುತ್ತುತ್ತಾ ಇದನ್ನು ಹೊಲದ ಯಜಮಾನರಿಗೆ ಹೇಳುತ್ತಿದ್ದೆ. ಅವರು ಬೀಡಿ ಆರಿಸಿ ಕೇಳಿದರು, "ಅಷ್ಟು ಚಳಿ ಇರೋ ಕಡೆ ಕೆಳಗೆ ನೀರು ಹೆಂಗಮ್ಮಾ ನೀರಾಗೇ ಐತೆ?"

"ಭೂಮಿ ಒಳಗಿನ ಕಾವು, ತಾತಾ. ಕೋಲಾರದ ಗಣಿಗೆ ಇಳಿದವರನ್ನ ಕೇಳಿ."

"ನಮ್ಮ ಮಾವ ಇಳೀತಿದ್ರು. ಕೆಳಗೆ ಬೆವರು ನೀರು ಸುರಿದಂಗೆ ಸುರಿಯೋದು ಅಂತಿದ್ರು."

ಅದೇ ಕಾವು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ 3.2 ಕಿಲೋಮೀಟರ್ ಆಳಕ್ಕೆ ಇಳಿದಿತ್ತು, ಆ ಆಳದ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಅಂಟಾರ್ಕ್ಟಿಕಾದ ಕೆಳಗಿನ ಭೂಮಿಯೂ ಹೀಗೆಯೇ ಒಳಗಿನಿಂದ ಸ್ವಲ್ಪ ಸ್ವಲ್ಪವೇ ಕಾವು ಬಿಡುತ್ತಿರುತ್ತದೆ. ಮೇಲೆ ಮೂರು ನಾಲ್ಕು ಕಿಲೋಮೀಟರ್ ಹಿಮ ಹೊದ್ದುಕೊಂಡಿರುವುದರಿಂದ ಅದು ಹೊರಗೆ ಹೋಗಲು ಹೆಣಗುತ್ತದೆ. ಜೊತೆಗೆ ಅಷ್ಟು ಹಿಮದ ಒತ್ತಡದಲ್ಲಿ ನೀರು ಹೆಪ್ಪುಗಟ್ಟುವುದು ಸೊನ್ನೆಯಲ್ಲಿ ಅಲ್ಲ, ಸೊನ್ನೆಗಿಂತ ಸುಮಾರು 3 ಡಿಗ್ರಿ ಕೆಳಗೆ. 1983ರ ಜುಲೈ 21ರಂದು ಮೈನಸ್ 89.2 ಡಿಗ್ರಿ ದಾಖಲಾದ ವೊಸ್ಟೋಕ್ ನಿಲ್ದಾಣದ ಕಾಲಡಿಯಲ್ಲೇ, ಅಂಟಾರ್ಕ್ಟಿಕಾದ ಅತಿ ದೊಡ್ಡ ಗುಪ್ತ ಸರೋವರ ಇರುವುದು ಇದರಿಂದಲೇ.

ವೊಸ್ಟೋಕ್ ಸರೋವರದ ಕಥೆ ರೇಡಾರ್ ಒಂದರ ಕಥೆಯಲ್ಲ. ರೇಡಾರ್ ನೀರಿನ ನೆತ್ತಿಯನ್ನು ತೋರಿಸುತ್ತದೆ. ನೀರಿನೊಳಗೆ ತರಂಗ ಬೇಗ ಸೊರಗುವುದರಿಂದ ಆಳವಾದ ಸರೋವರದ ತಳ ಅದಕ್ಕೆ ಸಿಗುವುದಿಲ್ಲ. ತಳಕ್ಕೆ ಬೇಕಾದದ್ದು ಶಬ್ದ, ಅಂದರೆ ಸಣ್ಣ ಸಿಡಿತದ ಕಂಪನ. ಸೋವಿಯತ್ ವಿಜ್ಞಾನಿ ಆಂದ್ರೇ ಕಪಿತ್ಸಾ 1959ರಲ್ಲಿ, ಮತ್ತೆ 1964ರಲ್ಲಿ ವೊಸ್ಟೋಕ್‌ನಲ್ಲಿ ಅಂಥ ಕಂಪನ ಅಳತೆ ಮಾಡಿದ್ದರು. ದಾಖಲೆಯಲ್ಲಿ ಒಂದರ ಕೆಳಗೊಂದು ಪ್ರತಿಧ್ವನಿ ಇದ್ದವು, ಆಗ ಅದನ್ನು ಸರೋವರ ಎಂದು ಓದಲಿಲ್ಲ. 1990ರ ದಶಕದಲ್ಲಿ ಯುರೋಪಿನ ಇಆರ್‌ಎಸ್-1 ಉಪಗ್ರಹ ಅಲ್ಲಿನ ಹಿಮದ ಮೇಲ್ಮೈ ವಿಚಿತ್ರವಾಗಿ ಸಪಾಟಾಗಿದೆ ಎಂದು ತೋರಿಸಿತು. ಹಳೆಯ ಕಂಪನ ದಾಖಲೆ, ವಿಮಾನದ ರೇಡಾರ್, ಉಪಗ್ರಹ, ಮೂರನ್ನೂ ಒಟ್ಟಿಗಿಟ್ಟು 1996ರಲ್ಲಿ ಪ್ರಬಂಧ ಬಂತು: ಉದ್ದ ಇನ್ನೂರು ಕಿಲೋಮೀಟರಿಗೂ ಹೆಚ್ಚು, ನಿಲ್ದಾಣದ ಕೆಳಗೆ ನೀರಿನ ಆಳ ಸುಮಾರು 500 ಮೀಟರ್.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮ ಗೌರಿಬಿದನೂರಿನಲ್ಲಿ ರೇಡಿಯೊ ಬಯಲಿನ ಜೊತೆ ಕಂಪನ ಕೇಂದ್ರವೂ ಇದೆ. ದೂರದ ದೇಶಗಳ ಅಣುಬಾಂಬು ಪರೀಕ್ಷೆಗಳನ್ನು ಗುರುತಿಸಲೆಂದು ಭಾಭಾ ಪರಮಾಣು ಸಂಶೋಧನಾ ಕೇಂದ್ರ 1960ರ ದಶಕದಲ್ಲಿ ನೆಟ್ಟ ಕಂಪನಮಾಪಕಗಳ ಸಾಲು. ಇಲ್ಲಿನ ಗಟ್ಟಿ ಕಲ್ಲು, ಗಲಾಟೆಯಿಲ್ಲದ ನೆಲ ಅದಕ್ಕೆ ಬೇಕಾಗಿತ್ತು. ಹಿಮದಡಿಯ ನೀರು ಹುಡುಕಲು ಬೇಕಾದ ಎರಡೂ ವಿದ್ಯೆ, ರೇಡಿಯೊ ಮತ್ತು ಕಂಪನ, ಒಂದೇ ತಾಲ್ಲೂಕಿನಲ್ಲಿ ಬೇರೆ ಬೇರೆ ಕಾರಣಕ್ಕೆ ನೆಲೆಯೂರಿವೆ. ನಮ್ಮ ಶಾಲಾ ಮಕ್ಕಳಲ್ಲಿ ಎಷ್ಟೋ ಮಂದಿಗೆ ಇದು ಗೊತ್ತೇ ಇಲ್ಲ. ಗೊತ್ತಾಗಬೇಕು.

ಡೆವನ್‌ಗೆ ವಾಪಸು ಬರುತ್ತೇನೆ. ಅಲ್ಲಿ ಎಡವಟ್ಟಾದದ್ದು ಎಲ್ಲಿ? ಹೊಳಪನ್ನು ನೇರವಾಗಿ ಓದಲು ಬರುವುದಿಲ್ಲ ಎಂಬಲ್ಲಿ. ಹಿಮ ಗಾಜಿನಂತೆ ಎಂದೆನಾದರೂ ಹೋಗುವಾಗಲೂ ಬರುವಾಗಲೂ ತರಂಗದ ಶಕ್ತಿಯನ್ನು ಸ್ವಲ್ಪ ನುಂಗುತ್ತದೆ. ಹಿಮ ಎಷ್ಟು ಬೆಚ್ಚಗಿದೆ, ಅದರಲ್ಲಿ ಆಮ್ಲ ಉಪ್ಪು ಎಷ್ಟು ಬೆರೆತಿದೆ ಅನ್ನುವುದರ ಮೇಲೆ ಆ ನಷ್ಟ ಹೆಚ್ಚು ಕಡಿಮೆ. ಆ ನಷ್ಟವನ್ನು ಅಂದಾಜಿಸಿ, ಬಂದ ಪ್ರತಿಧ್ವನಿಗೆ ವಾಪಸು ಸೇರಿಸಬೇಕು. ಆಮೇಲಷ್ಟೇ ತಳದ ನಿಜವಾದ ಹೊಳಪು ಸಿಗುವುದು. ಹಿಮ ದಪ್ಪ ಇದ್ದಷ್ಟೂ ಸೇರಿಸುವ ಪಾಲು ದೊಡ್ಡದು. ಈಗ ಅಂದಾಜು ಒಂದಿಷ್ಟು ಹೆಚ್ಚಾಯಿತು ಅಂದುಕೊಳ್ಳಿ. ತೆಳು ಹಿಮದ ಕಡೆ ಅದು ಲೆಕ್ಕಕ್ಕೆ ಬರುವುದಿಲ್ಲ. ಕಣಿವೆಯ ಮೇಲೆ, ದಪ್ಪ ಹಿಮದ ಕಡೆ, ಸುಳ್ಳು ಹೊಳಪು ಸೇರಿಕೊಳ್ಳುತ್ತದೆ. ನೀರು ನಿಲ್ಲುವುದೂ ಕಣಿವೆಯಲ್ಲೇ! ಅಂದರೆ ಈ ತಪ್ಪು ಬೇರೆಲ್ಲೂ ಕಾಣಿಸದೆ, ಸರೋವರ ಎಲ್ಲಿರಬೇಕೋ ಸರಿಯಾಗಿ ಅಲ್ಲೇ ಸರೋವರದ ವೇಷ ಹಾಕಿಕೊಂಡು ಕೂರುತ್ತದೆ. ಇದನ್ನು ಓದಿ ನಾನು ಸುಮಾರು ಹೊತ್ತು ಹಾಗೇ ಕೂತಿದ್ದೆ. ಕೈಯಲ್ಲಿರುವ ಒಂದೇ ಉಪಕರಣದಿಂದ ಈ ತಪ್ಪನ್ನು ಹಿಡಿಯುವುದು ಎಷ್ಟು ಕಷ್ಟ ನೋಡಿ.

2022ರಲ್ಲಿ ಆ ತಂಡ ಹಿಮದ ಮೇಲೆ ಇಳಿಯಿತು. 9 ಕಿಲೋಮೀಟರ್ ಉದ್ದಕ್ಕೆ ಕಂಪನ ಅಳತೆ. ಏಳು ಕಡೆ ವಿದ್ಯುತ್ಕಾಂತೀಯ ಅಳತೆ, ಅಂದರೆ ನೆಲದ ಮೇಲೆ ತಂತಿಯ ಸುತ್ತು ಹಾಸಿ ಕರೆಂಟು ಹರಿಸಿ, ಥಟ್ಟನೆ ನಿಲ್ಲಿಸಿ, ನೆಲದೊಳಗೆ ಹುಟ್ಟಿದ ಪ್ರವಾಹ ಹೇಗೆ ಸಾಯುತ್ತದೆ ಎಂದು ನೋಡುವುದು. ಹತ್ತು ಕಡೆ ಭೂಮಿಯ ಸಹಜ ವಿದ್ಯುತ್ ಮತ್ತು ಕಾಂತಕ್ಷೇತ್ರದ ಏರಿಳಿತದ ದಾಖಲೆ. ಇವೆರಡರಿಂದಲೂ ಕೊನೆಗೆ ಸಿಗುವುದು ನಾನು ದಿನಾ ಬರೆದುಕೊಳ್ಳುವ ಅದೇ ಅಳತೆ, ನೆಲದ ರೋಧಕತೆ, ಅಂದರೆ ಕರೆಂಟು ಹರಿಯಲು ನೆಲ ಒಡ್ಡುವ ತಡೆ, ಓಮ್-ಮೀಟರ್ ಲೆಕ್ಕದಲ್ಲಿ. ಕಡು ಉಪ್ಪುನೀರಿದ್ದರೆ ಅದು ಒಂದಕ್ಕಿಂತಲೂ ಕೆಳಗೆ ಬೀಳಬೇಕು. ಅವರಿಗೆ ಹಿಮದ ಕೆಳಗೆ ಸಿಕ್ಕಿದ್ದು 1000ದಿಂದ 1,00,000 ಓಮ್-ಮೀಟರ್. ನಮ್ಮ ಬಂಡೆಗುಡ್ಡಗಳ ತಪ್ಪಲಲ್ಲಿ ಬಿರುಕಿಲ್ಲದ ಕರಿಕಲ್ಲಿನ ಮೇಲೆ ಗೂಟ ಹೊಡೆದರೆ ನನ್ನ ಪುಸ್ತಕಕ್ಕೂ ಸಾವಿರಗಳ ಅಂಕಿಯೇ ಬರುತ್ತದೆ, ಆಗ ನಾನು ವೈರು ಸುತ್ತಿ ಇಲ್ಲಿ ಬೇಡ ಅನ್ನುತ್ತೇನೆ. ಅವರೂ ಹಾಗೇ ಹೇಳಿದರು. ಕಂಪನದ ಫಲಿತಾಂಶವೂ ಹೆಪ್ಪುಗಟ್ಟಿದ ಇಲ್ಲವೇ ಗಟ್ಟಿಯಾದ ಮಡ್ಡಿಗೆ ಹೊಂದಿತು. ಆಮೇಲೆ ಹಳೆಯ ರೇಡಾರ್ ಲೆಕ್ಕಕ್ಕೆ ಮರಳಿ, ಹಿಮ ನುಂಗುವ ಶಕ್ತಿಯನ್ನು ಹೆಚ್ಚು ಅಂದಾಜಿಸಿದ್ದಿರಬೇಕು ಎಂದು ಬರೆದರು.

ನನ್ನ ಮೀಟರಿಗೂ ಅದರದೇ ಮೋಸಗಳಿವೆ. ನೀರು ತುಂಬಿದ ಬಿರುಕು ರೋಧಕತೆಯನ್ನು ಇಳಿಸುತ್ತದೆ, ಜೇಡಿಮಣ್ಣೂ ಇಳಿಸುತ್ತದೆ. ಕೆರೆ ಅಂಗಳದ ಅಂಚಿನ ಹೊಲಗಳಲ್ಲಿ ಮೀಟರು ಆಸೆ ಹುಟ್ಟಿಸುವಷ್ಟು ಕೆಳಗಿನ ಅಂಕಿ ತೋರಿಸುತ್ತದೆ, ಕೊರೆದರೆ ಮೊದಲ ಅಡಿಗಳಲ್ಲಿ ಬರೀ ಅಂಟು ಮಣ್ಣು. ಆದ್ದರಿಂದ ಒಂದು ಅಂಕಿ ನೋಡಿ ಪಾಯಿಂಟ್ ಹಾಕಬಾರದು. ಗೂಟಗಳನ್ನು ದೂರ ದೂರ ಸರಿಸುತ್ತಾ ಹೋಗಿ ಆಳಕ್ಕೆ ತಕ್ಕಂತೆ ಅಂಕಿ ಹೇಗೆ ಬದಲಾಗುತ್ತದೆ ನೋಡಬೇಕು, ಪಕ್ಕದ ಹೊಲದ ಬೋರಿನಲ್ಲಿ ಏನು ಬಂತು ಕೇಳಬೇಕು, ಬಂಡೆಯ ಬಿರುಕಿನ ದಿಕ್ಕು ಹಿಡಿಯಬೇಕು. ಜೇಡಿಯ ಕಾಟ ಮಂಗಳ ಗ್ರಹದಲ್ಲೂ ಇದೆ. ಅದರ ದಕ್ಷಿಣ ಧ್ರುವದ ಹಿಮದಡಿ ಸುಮಾರು ಒಂದೂವರೆ ಕಿಲೋಮೀಟರ್ ಕೆಳಗೆ, 20 ಕಿಲೋಮೀಟರ್ ಅಗಲದ ಹೊಳಪು ಕಂಡಿದೆ, ಅದು ನೀರಿರಬೇಕು ಎಂದು 2018ರಲ್ಲೇ ಇಟಲಿಯ ರೊಬರ್ಟೊ ಒರೊಸೆಯಿ ತಂಡ ಹೇಳಿತ್ತು. 2021ರಲ್ಲಿ ಬೇರೆಯವರು ಹೆಪ್ಪುಗಟ್ಟಿದ ಜೇಡಿ ಖನಿಜಗಳೂ ಅಂಥ ಹೊಳಪು ಕೊಡಬಲ್ಲವು ಎಂದು ತೋರಿಸಿದರು. ವಾದ ನಡೆದೇ ಇದೆ. ಅಲ್ಲಿಗೆ ಗೂಟ ಹೊತ್ತು ಹೋಗಿ ನೋಡುವವರು ಸದ್ಯಕ್ಕಿಲ್ಲ.

ರೇಡಾರ್ ಹೊಳಪು ಕೊಡದ ಕಡೆಯೂ ನೀರಿರಬಹುದು, ಇದು ಉಲ್ಟಾ ಸಮಸ್ಯೆ. 2006ರಲ್ಲಿ ಡಂಕನ್ ವಿಂಗಮ್ ಮತ್ತು ಜೊತೆಗಾರರು ಇಆರ್‌ಎಸ್-2 ಉಪಗ್ರಹದ ಎತ್ತರದ ಅಳತೆ ಹಿಡಿದು ನೋಡಿದರೆ, ಪೂರ್ವ ಅಂಟಾರ್ಕ್ಟಿಕಾದಲ್ಲಿ ಒಂದು ಜಾಗದ ಹಿಮ ಕೆಲವು ಮೀಟರ್ ಕುಸಿದಿತ್ತು, 290 ಕಿಲೋಮೀಟರ್ ಆಚೆ ಹಿಮ ಮೇಲೆದ್ದಿತ್ತು. 16 ತಿಂಗಳಲ್ಲಿ 1.8 ಘನ ಕಿಲೋಮೀಟರ್ ನೀರು ಒಂದು ಸರೋವರದಿಂದ ಮುಂದಿನವಕ್ಕೆ ಹರಿದುಹೋಗಿತ್ತು. ಇದನ್ನು ಹೇಳಿದಾಗ ನಗರಗೆರೆಯ ತಾತ ಬಹಳ ಸುಲಭವಾಗಿ ಹಿಡಿದರು. "ಮೇಲಿನ ಕೆರೆ ಕೋಡಿ ಬಿದ್ದು ಕೆಳಗಿನ ಕೆರೆ ತುಂಬಿದಂಗೆ," ಅಂದರು. ಹೌದು, ಅಷ್ಟೇ. ನಮ್ಮ ಹಿರಿಯರು ಕೆರೆಗಳನ್ನು ಸಾಲಾಗಿ ಕಟ್ಟಿದ್ದು ಆ ಲೆಕ್ಕದಲ್ಲೇ. ಒಂದೇ ವ್ಯತ್ಯಾಸ, ಅಲ್ಲಿ ಹಿಮದ ಒತ್ತಡ ತಳ್ಳುವುದರಿಂದ ನೀರು ಕೆಲವೊಮ್ಮೆ ದಿಣ್ಣೆ ಹತ್ತಿಯೂ ಹರಿಯುತ್ತದೆ.

ಹೀಗೆ ಹಿಮದ ಏರಿಳಿತದಿಂದ ಗುರುತಿಸಿದ ಸರೋವರಗಳ ಮೇಲೆ ರೇಡಾರ್ ಹಾರಿಸಿದರೆ, ಎಷ್ಟೋ ಕಡೆ ಆ ನಯವಾದ ಹೊಳಪು ಸಿಗುವುದೇ ಇಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹೋದ ನಿಸಾರ್ ಉಪಗ್ರಹ ನೆಲದ ಸೆಂಟಿಮೀಟರ್ ಮಟ್ಟದ ಅಲುಗಾಟವನ್ನೂ ಹಿಡಿಯುವಂಥದು, ಅಂಟಾರ್ಕ್ಟಿಕಾವೂ ಅದರ ನೋಟದಲ್ಲಿದೆ. ಆ ಅಂಕಿಗಳು ಬರಲಿ ಎಂದು ನಾನು ಕಾಯುತ್ತಿದ್ದೇನೆ. ಈ ನೀರಿನ ಲೆಕ್ಕ ಬರೀ ಕುತೂಹಲದ್ದಲ್ಲ. ತಳಕ್ಕೆ ನೀರು ಬಂದರೆ ಮೇಲಿನ ಹಿಮ ಜಾರಿ ಸಮುದ್ರದ ಕಡೆ ಬೇಗ ಸರಿಯಬಲ್ಲದು. ಮಂಗಳೂರು, ಕಾರವಾರದ ದಡಗಳ ನಾಳೆಯ ಕಥೆ ಇದಕ್ಕೆ ಅಂಟಿಕೊಂಡಿದೆ.

ಕೊನೆಗೆ ಕೊರೆದೇ ನೋಡಬೇಕು, ಅದು ಅಲ್ಲಿಯೂ ಹಾಗೇ. ವೊಸ್ಟೋಕ್‌ನಲ್ಲಿ ರಷ್ಯನ್ನರು 2012ರ ಫೆಬ್ರವರಿ 5ರಂದು 3,769 ಮೀಟರ್ ಆಳದಲ್ಲಿ ನೀರು ಮುಟ್ಟಿದರು. ರಂಧ್ರ ಮುಚ್ಚಿಕೊಳ್ಳದಿರಲೆಂದು ತುಂಬಿದ್ದ ಸೀಮೆಎಣ್ಣೆಯ ದ್ರವದಿಂದ ಮಾದರಿಯ ಶುದ್ಧತೆಯ ಪ್ರಶ್ನೆ ಎದ್ದಿತು. ಅದೇ ವರ್ಷ ಡಿಸೆಂಬರಿನಲ್ಲಿ ಬ್ರಿಟಿಷರು ಎಲ್ಸ್‌ವರ್ತ್ ಸರೋವರಕ್ಕೆ ಕೊರೆಯಲು ಹೋಗಿ ನಡುವೆಯೇ ನಿಲ್ಲಿಸಬೇಕಾಯಿತು. 2013ರ ಜನವರಿಯಲ್ಲಿ ಅಮೆರಿಕದ ತಂಡ ಬಿಸಿನೀರು ಚಿಮ್ಮಿಸಿ, 800 ಮೀಟರ್ ಹಿಮ ಕರಗಿಸಿ ವಿಲ್ಲನ್ಸ್ ಸರೋವರಕ್ಕೆ ಇಳಿಯಿತು. ನೀರು ಇತ್ತು. ಆಳ ಕೇವಲ 2 ಮೀಟರ್ ಆಸುಪಾಸು, ಅದರಲ್ಲಿ ಬಿಸಿಲು ಕಾಣದೆ ಬದುಕುವ ಸೂಕ್ಷ್ಮಜೀವಿಗಳು. 773 ಹೆಸರುಗಳ ಪಟ್ಟಿಯಲ್ಲಿ ಹೀಗೆ ಕೊರೆದು ನೋಡಿದವು ಬೆರಳೆಣಿಕೆಯವು. ಮಿಕ್ಕವೆಲ್ಲ ಇನ್ನೂ ಪಾಯಿಂಟುಗಳೇ.

ಅದಕ್ಕೇ ಹಳೆಯ ದಾಖಲೆಗಳಿಗೆ ಇಷ್ಟು ಬೆಲೆ. 1970ರ ದಶಕದ ರೇಡಾರ್ ಹಾರಾಟಗಳ ಪ್ರತಿಧ್ವನಿಗಳನ್ನು 35 ಮಿಲಿಮೀಟರ್ ಫಿಲ್ಮಿನ ಮೇಲೆ ದಾಖಲಿಸಿದ್ದರು. ಸುಮಾರು 4 ಲಕ್ಷ ಕಿಲೋಮೀಟರ್ ಹಾರಾಟದ ಆ ಫಿಲ್ಮುಗಳನ್ನು ಕೇಂಬ್ರಿಜ್‌ನಲ್ಲಿ ಜೋಪಾನ ಮಾಡಿದ್ದರಿಂದ, ಸ್ಟ್ಯಾನ್‌ಫರ್ಡ್‌ನ ಡಸ್ಟಿನ್ ಶ್ರೋಡರ್ ತಂಡ ಅವನ್ನು ಡಿಜಿಟಲ್ ಮಾಡಿ 2019ರಲ್ಲಿ ಫಲಿತಾಂಶ ಪ್ರಕಟಿಸಿತು. ಅಂದಿನ ಹಿಮ, ಇಂದಿನ ಹಿಮ ಎರಡನ್ನೂ ಈಗ ಪಕ್ಕಪಕ್ಕ ಇಟ್ಟು ನೋಡಬಹುದು.

ನಮ್ಮ ತಾಲ್ಲೂಕಿನ ಓದುಗರಲ್ಲಿ ನನ್ನದೊಂದು ಬೇಡಿಕೆ. ಬೋರು ಕೊರೆಸುವ ರಾತ್ರಿ ಲಾರಿಯ ಪಕ್ಕ ಯಾರಾದರೂ ಒಬ್ಬರು ನೋಟ್‌ಬುಕ್ ಹಿಡಿದು ಕೂರಿ. ಮಣ್ಣು ಎಷ್ಟು ಅಡಿಯವರೆಗೆ, ಕೇಸಿಂಗ್ ಎಲ್ಲಿಗೆ ನಿಂತಿತು, ಕಲ್ಲಿನ ಬಣ್ಣ ಯಾವ ಅಡಿಯಲ್ಲಿ ಬದಲಾಯಿತು, ಧೂಳು ಎಲ್ಲಿ ಒದ್ದೆಯಾಯಿತು, ನೀರು ಬಂದಿದ್ದರೆ ಎಷ್ಟು ಇಂಚು, ಬರೆದಿಡಿ. ಫೇಲಾದ ಬೋರಿನದ್ದು ಅದಕ್ಕಿಂತ ಮುಖ್ಯ, ಅದನ್ನು ಯಾರೂ ಬರೆಯುವುದಿಲ್ಲ. ಪಾಯಿಂಟ್ ಹಾಕಿದವರ ಮೀಟರ್ ಅಂಕಿಗಳನ್ನೂ ಕೇಳಿ ಪಡೆದು ಅದೇ ಪುಟಕ್ಕೆ ಅಂಟಿಸಿ. ನಾನು ಹೋದ ಹೊಲಗಳಲ್ಲಿ ಅಂಕಿಗಳ ಒಂದು ಪ್ರತಿಯನ್ನು ಯಜಮಾನರ ಕೈಗೆ ಕೊಟ್ಟೇ ಬರುತ್ತೇನೆ. ಮುಂದಿನ ಸಲ ಅಲ್ಲಿಗೆ ಯಾರೇ ಮೀಟರ್ ತರಲಿ, ಮೊದಲು ಆ ಹಾಳೆ ತೋರಿಸಿ.